ಪೂಜೆಗೆ ಕೂತ ಕಂಪ್ಯೂಟರ್

ನನಗೆ ಕೋಪ ಬೇಗ ಬರುತ್ತದೆ. ಮನುಷ್ಯರ ಮೇಲೆ ಬಂದರೆ ಅವರೂ ತಿರುಗಿ ನಾಲ್ಕು ಮಾತು ಆಡುತ್ತಾರೆ, ಅಲ್ಲಿಗೆ ಎರಡೂ ಕಡೆ ಹಗುರಾಗುತ್ತದೆ. ಕಂಪ್ಯೂಟರಿನ ಮೇಲೆ ಕೋಪ ಬಂದರೆ ಏನು ಮಾಡುವುದು? ಅದು ಎಷ್ಟು ಬೈದರೂ 'ದಯವಿಟ್ಟು ಕಾಯಿರಿ' ಎನ್ನುತ್ತದೆ. ಅಷ್ಟು ಮರ್ಯಾದೆಯಾಗಿ ಮಾತಾಡಿ ಹೊಟ್ಟೆ ಉರಿಸುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ತಮಿಳು ಸೀಮೆಯ ಅನ್ನೂರಿಗೆ ಬಂದವಳು. ಗಂಡನ ಮನೆಯವರು ತಲೆಮಾರುಗಳಿಂದ ಇಲ್ಲೇ ನೆಲೆಸಿದ ನೇಯ್ಗೆಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವರ ಕನ್ನಡವೂ ಅರ್ಧ ಹೊಸ್ತಿಲು ದಾಟಿಯೇ ನಿಂತಿರುತ್ತದೆ. ಕನ್ನಡ ಓದಲು ಬರುವುದು ಮನೆಯಲ್ಲಿ ನನಗೊಬ್ಬಳಿಗೇ. ಹಾಗಾಗಿ ಇಲ್ಲಿ ಯಾರ ಬಗ್ಗೆ ಏನು ಬರೆದರೂ ಕೇಳುವವರಿಲ್ಲ ಎಂಬ ಧೈರ್ಯ ನನಗಿದೆ.

ಹಿಂದಿನ ಹಜಾರದಲ್ಲಿ ಗಂಡ ಮಗ್ಗ ನೇಯುತ್ತಾರೆ. ಮುಂದಿನ ಕೋಣೆಯಲ್ಲಿ ನನ್ನ ರಾಜ್ಯ. ಸೀರೆಯ ಅಂಚು, ಸೆರಗುಗಳ ಚಿತ್ರವನ್ನು ನಾನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ತುಂಬುತ್ತೇನೆ. ಪಕ್ಕದಲ್ಲಿರುವ ಪಂಚಿಂಗ್ ಮಿಷನ್ ಅದನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತದೆ. ಆ ಕಾರ್ಡುಗಳನ್ನು ನನ್ನ ಅತ್ತೆ ದಾರದಿಂದ ಒಂದಕ್ಕೊಂದು ಕಟ್ಟಿ ಸರ ಮಾಡುತ್ತಾರೆ. ಸರವನ್ನು ಮಗ್ಗದ ಮೇಲೆ ಏರಿಸಿದರೆ, ತೂತು ಇದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೂತಿರುತ್ತದೆ. ಹೀಗೆ ಎದ್ದೂ ಕೂತೂ ಸೀರೆಯ ಮೇಲೆ ನವಿಲು ಬರುತ್ತದೆ.

ಆ ಮಿಷನ್ ಹಳೆಯದು. ಕಂಪ್ಯೂಟರ್ ಅದಕ್ಕಿಂತ ಸ್ವಲ್ಪ ಕಿರಿಯದು, ಆದರೂ ಚಿಕ್ಕ ವಯಸ್ಸಿನದೇನಲ್ಲ. ಜೋಡಿಸಿಕೊಟ್ಟ ಮನುಷ್ಯ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಒಂದೇ ಮಾತು ಹೇಳಿದ್ದ. "ಅಕ್ಕಾ, ಓಡ್ತಾ ಇರೋವರೆಗೂ ಇದಕ್ಕೆ ಅಪ್ಡೇಟ್ ಮಾತ್ರ ಹಾಕ್ಸಬೇಡಿ." ಅಂದಿನಿಂದ ಪರದೆಯ ಮೂಲೆಯಲ್ಲಿ ನೀಲಿ ಡಬ್ಬ ಬಂದು 'ಹೊಸದು ಬಂದಿದೆ, ಹಾಕಲೇ?' ಎಂದು ಕೇಳಿದಾಗೆಲ್ಲ ನಾನು 'ಆಮೇಲೆ' ಒತ್ತುತ್ತ ಬಂದೆ. ಚೀಟಿ ಕಟ್ಟಿಸಲು ಬರುವವರನ್ನು ಬಾಗಿಲಲ್ಲೇ ಸಾಗಹಾಕುವ ಹಾಗೆ ವರ್ಷಗಟ್ಟಲೆ ಸಾಗಹಾಕಿದೆ.

ಇಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಗಂಡಿನವರು ತಿರುಪ್ಪೂರಿನಲ್ಲಿ ಬನಿಯನ್ ವ್ಯಾಪಾರದವರು, ನಮ್ಮವರೇ, ಒಳ್ಳೆಯವರೇ. ಆದರೆ ಬೀಗಿತ್ತಿ ನಿಶ್ಚಿತಾರ್ಥದ ದಿನವೇ, "ಮುಹೂರ್ತದ ಸೀರೆ ನಾವು ಕಾಂಚೀಪುರದಿಂದ ತರ್ತೀವಿ" ಎಂದುಬಿಟ್ಟರು. ನನ್ನ ಮೈ ಉರಿದುಹೋಯಿತು. ಮಗ್ಗದ ಮನೆಯ ಹೆಣ್ಣು ಅಂಗಡಿ ಸೀರೆ ಉಟ್ಟು ಹಸೆಮಣೆ ಏರುವುದೇ? ನೆರೆದವರೆಲ್ಲ ಕೇಳುವ ಹಾಗೆ ಹೇಳಿದೆ: "ಮುಹೂರ್ತದ ಸೀರೆ ನಮ್ಮ ಮಗ್ಗದಿಂದಲೇ ಇಳೀಬೇಕು. ಅವಳ ಅಪ್ಪ ನೇಯ್ತಾರೆ, ನಾನು ಕಾರ್ಡ್ ಹೊಡೀತೀನಿ, ಅಜ್ಜಿ ಕಟ್ತಾರೆ." ಬೀಗಿತ್ತಿ ನಗುತ್ತಲೇ ಒಪ್ಪಿದರು. ಒಪ್ಪಿ, "ರವಿಕೆ ಹೊಲಿಸೋಕೆ ಬೇಗ ಬೇಕು. ಯಾವ್ದಕ್ಕೂ ಇರ್ಲಿ ಅಂತ ಒಂದು ಕಾಂಚೀಪುರಂ ತೆಗೆದು ಇಟ್ಟಿರ್ತೀವಿ, ಸೇಫ್ಟಿಗೆ" ಎಂದರು. ಆ ಸೇಫ್ಟಿ ಎಂಬ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು.

ಗಂಡ ಸೀರೆಯ ಒಡಲು, ಅಂಚು ಎಲ್ಲ ನೇಯ್ದು ಮುಗಿಸಿದರು. ಉಳಿದದ್ದು ಸೆರಗು. ಸೆರಗಿನ ಚಿತ್ರ ತಾನೇ ಬರೆಯುತ್ತೇನೆಂದು ಮಗಳು ಹಟ ಹಿಡಿದಿದ್ದಳು. ಅವಳಿಗೆ ಶರವಣಂಪಟ್ಟಿಯಲ್ಲಿ ಕೆಲಸ. ಹೊತ್ತುಗೊತ್ತಿಲ್ಲದ ಪಾಳಿಯಾದ್ದರಿಂದ ಹಾಸ್ಟೆಲಿನಲ್ಲಿದ್ದು ರಜೆಗೆ ಮಾತ್ರ ಬರುತ್ತಾಳೆ. ಕೆಲಸ ಏನೆಂದರೆ, ಪರದೇಶದವರ ಕಂಪ್ಯೂಟರುಗಳು ಕೆಟ್ಟಾಗ ಫೋನಿನಲ್ಲಿ ಸಮಾಧಾನ ಹೇಳಿ ಸರಿಮಾಡಿಸುವುದು. ಅಲ್ಲಿ ಜೇನು ಸುರಿಸುವ ಬಾಯಿ ಮನೆಗೆ ಬಂದರೆ ನನ್ನ ಮೇಲೆ ಹರಿಹಾಯುತ್ತದೆ. ಸೆರಗು ಎಲ್ಲಿ ಎಂದರೆ "ಬರೀತಾ ಇದೀನಿ, ಸುಮ್ನಿರವ್ವ" ಎನ್ನುವಳು.

ಆಯುಧಪೂಜೆಗೆ ಬಂದಳು. ನಮ್ಮ ಮನೆಯಲ್ಲಿ ಅವತ್ತು ಮಗ್ಗ, ಲಾಳಿ, ಕತ್ತರಿ, ರಾಟೆ ಎಲ್ಲ ತೊಳೆದು ಒರೆಸಿ, ಗಂಧ ಹಚ್ಚಿ ಕುಂಕುಮದ ಪೊಟ್ಟು ಇಡುತ್ತೇವೆ. ಪೊಟ್ಟು ಇಟ್ಟ ಮೇಲೆ ಮಾರನೆಯ ಬೆಳಿಗ್ಗೆ ಮತ್ತೆ ಪೂಜೆ ಮಾಡುವವರೆಗೆ ಯಾರೂ ಯಾವ ಸಾಮಾನನ್ನೂ ಮುಟ್ಟುವಂತಿಲ್ಲ. ವರ್ಷವಿಡೀ ದುಡಿದ ಸಾಮಾನಿಗೆ ಅದೊಂದು ದಿನ ವಿಶ್ರಾಂತಿ. ಅತ್ತೆಗೆ ಇದರಲ್ಲಿ ಕೂದಲೆಳೆಯಷ್ಟೂ ಸಡಿಲವಿಲ್ಲ.

ಪ್ರತಿ ವರ್ಷ ಕಂಪ್ಯೂಟರನ್ನು ಆರಿಸಿಟ್ಟೇ ಪೂಜೆ ಮಾಡುತ್ತಿದ್ದೆ. ಈ ಸಲ ಅತ್ತೆ ಆರತಿ ತಟ್ಟೆ ಹಿಡಿದು ಕಪ್ಪು ಪರದೆಯ ಮುಂದೆ ನಿಂತುಬಿಟ್ಟರು.

"ಕಣ್ಣು ಮುಚ್ಚಿರೋ ಸಾಮಿಗೆ ಯಾರಾದ್ರು ಆರತಿ ಎತ್ತುತಾರಾ? ಹೊತ್ತಿಸು ಅದ."

ಹೊತ್ತಿಸಿದೆ. ಮಗಳು ಸರಸ್ವತಿಯ ಚಿತ್ರವನ್ನು ಪರದೆ ತುಂಬ ತಂದು ನಿಲ್ಲಿಸಿದಳು. ಅತ್ತೆಗೆ ಪರಮಾನಂದ. ಪರದೆಯ ನಾಲ್ಕು ಮೂಲೆಗೂ, ಕೀಬೋರ್ಡಿಗೂ, ಮೌಸಿಗೂ, ಗೋಡೆಯ ಸ್ವಿಚ್ಚಿಗೂ, ಮನೆಗೆ ಇಂಟರ್ನೆಟ್ ತರುವ ನೀಲಿ ವೈರಿಗೂ ತಮ್ಮ ಕೈಯಿಂದಲೇ ಪೊಟ್ಟು ಇಟ್ಟರು. ಆರತಿಯಾಯಿತು, ಬೂದುಗುಂಬಳ ಒಡೆದದ್ದಾಯಿತು, ಪುರಿ ಕಡಲೆ ಹಂಚಿದ್ದಾಯಿತು.

ಆಗ ಸರಸ್ವತಿಯ ಪಾದದ ಹತ್ತಿರ ನೀಲಿ ಡಬ್ಬ ಬಂತು. ಅದರಲ್ಲಿ ಒಂದು ಅಂಕಿ ಏರುತ್ತಿತ್ತು. ನೂರು ಮುಟ್ಟಿದ ಮೇಲೆ ದೊಡ್ಡ ಡಬ್ಬ ಬಂತು: ಇನ್ನು ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ತಾನೇ ಆರಿ ಹೊತ್ತಿಕೊಳ್ಳುತ್ತದೆ, ಹೊಸ ಅಪ್ಡೇಟ್ ಹಾಕಿಕೊಳ್ಳುತ್ತದೆ. ಬೇಡವಾದರೆ 'ಆಮೇಲೆ' ಒತ್ತಬೇಕು. ನನ್ನ ಕೈ ಅಭ್ಯಾಸದಿಂದ ಮೌಸಿನ ಕಡೆ ಹೋಯಿತು. ಚಟ್ ಎಂದು ಮಣಿಕಟ್ಟಿನ ಮೇಲೆ ಏಟು ಬಿತ್ತು.

"ಪೊಟ್ಟು ಇಟ್ಟ ಮೇಲೆ ಮುಟ್ಟಬಾರ್ದು ಪುಳ್ಳೆ." ಕೋಪ ಬಂದರೂ ಪ್ರೀತಿ ಬಂದರೂ ಅತ್ತೆಗೆ ನಾನು ಪುಳ್ಳೆ, ಅಂದರೆ ಹುಡುಗಿ.

"ಅತ್ತೆ, ಒಂದೇ ಸಲ ಒತ್ತಬೇಕು, ಅಷ್ಟೇ."

"ನಿನ್ನ ಮಾವನೂ ಒಂದ್ ವರ್ಷ ಒಂದೇ ಸಲ ಲಾಳಿ ಎಸೀತೀನಿ ಅಂದಿದ್ರು. ಆ ವರ್ಷ ಪೂರಾ ನೂಲು ಕಿತ್ತುಕೊಂಡೇ ಇತ್ತು."

ಗಂಡನ ಕಡೆ ನೋಡಿದೆ. "ಏನುಂಗ, ನೀವಾದ್ರೂ ಹೇಳಿ." ಅವರು ಮೇಲೆ ಫ್ಯಾನು ನೋಡುತ್ತ, "ಅಮ್ಮ ಹೇಳೋದೂ ಸರಿ ಅಲ್ವಾ" ಎಂದರು. ಹೆತ್ತವಳು ಮತ್ತು ಕಟ್ಟಿಕೊಂಡವಳ ನಡುವೆ ಈ ಮನುಷ್ಯ ಎಂದಿನಿಂದಲೂ ಫ್ಯಾನನ್ನೇ ನೋಡುತ್ತ ಬಂದಿದ್ದಾರೆ. ಕರೆಂಟಾದರೂ ಆರಿಸೋಣವೆಂದರೆ ಸ್ವಿಚ್ಚಿಗೂ ಪೊಟ್ಟು. ಎಲ್ಲ ಬಲ್ಲ ಮಗಳು ಬಾಯಿ ತುಂಬ ಪುರಿ ಇಟ್ಟುಕೊಂಡು ನಗುತ್ತಿದ್ದಳು.

ನೋಡನೋಡುತ್ತಿದ್ದಂತೆ ಸರಸ್ವತಿ ಮಾಯವಾದಳು. ಪರದೆಯೆಲ್ಲ ನೀಲಿಯಾಯಿತು. ನಡುವೆ ಸಣ್ಣ ಬಿಳಿ ಚುಕ್ಕೆಗಳ ಬಳೆಯೊಂದು ಗಿರಗಿರ ಸುತ್ತತೊಡಗಿತು. ಅತ್ತೆ ಕೈ ಮುಗಿದರು. "ಚಕ್ರ ಸುತ್ತುತಾ ಅದೆ ನೋಡು. ಸಾಮಿ ಒಪ್ಕೊಂಡ್ಳು."

ಅದು ಮಧ್ಯಾಹ್ನವೆಲ್ಲ ಸುತ್ತಿತು. ನಾವು ನಾಲ್ವರೂ ಅದರ ಮುಂದೆ ಚಾಪೆ ಹಾಸಿ ಕೂತೆವು. ಮುಟ್ಟಲು ಯಾವ ಕೆಲಸವೂ ಇರಲಿಲ್ಲವಲ್ಲ. ಗಂಡ ಕಡಲೆಕಾಯಿ ಸುಲಿದು ಮಗಳ ಕೈಗೆ ಹಾಕುತ್ತಿದ್ದರು. ಅತ್ತೆ ತಾವು ಮದುವೆಯಾಗಿ ಬಂದಾಗ ಮಗ್ಗದ ಗುಂಡಿಗೆ ಜಾರಿ ಬಿದ್ದ ಕತೆ ಹೇಳಿದರು. ನನಗೆ ಒಳಗೊಳಗೇ ಕುದಿಯುತ್ತಿದ್ದರೂ ಆ ಕತೆಗೆ ನಗು ತಡೆಯಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಪೂಜೆ ಮುಗಿಸಿ ಮಿಷನ್ ಹಾಕಿದೆ. ಕಂಪ್ಯೂಟರ್ ಹೊಸ ಮದುಮಗನ ಹಾಗೆ ಮಿಂಚುತ್ತಿತ್ತು. ಪಂಚಿಂಗ್ ಮಿಷನ್ ಮಾತ್ರ ಸತ್ತ ಹಾಗೆ ಬಿದ್ದಿತ್ತು. ವೈರು ಕಿತ್ತು ಹಾಕಿದೆ, ಆರಿಸಿ ಹೊತ್ತಿಸಿದೆ, ಗುದ್ದಿದೆ. ಪರದೆಯ ಮೇಲೆ ಬಂದ ಮಾತಿನ ಅರ್ಥ ಇಷ್ಟೆ: ಅಂಥ ಮಿಷನ್ ಯಾವುದೂ ನನಗೆ ಗೊತ್ತಿಲ್ಲ.

"ಇಷ್ಟು ವರ್ಷ ಪಕ್ಕದಲ್ಲೇ ಕೂತಿದೆ, ಗೊತ್ತಿಲ್ಲವಂತೆ ಇದಕ್ಕೆ" ಎಂದೆ. ಅತ್ತೆ ಕಾರ್ಡು ಕಟ್ಟುವ ದಾರ ಹಿಡಿದು ಬಂದು, ನನ್ನ ಮುಖ ನೋಡಿ ಒಳಗೆ ಹೋದರು.

ಎದುರು ಮನೆಯ ಟ್ಯೂಷನ್ ಟೀಚರ್ ಕಂಪ್ಯೂಟರಿಗೂ ಅದೇ ಅಪ್ಡೇಟ್ ಬಂದಿತ್ತು. ಅವರದು ಮೊದಲಿಗಿಂತ ಚುರುಕಾಗಿದೆಯಂತೆ. ಹೇಳಿಕೊಂಡು ಹೋಗಲು ಬೇರೆ ಬಂದಿದ್ದರು. ನನಗೆ ಅದೇ ಸಹಿಸಲಾಗಲಿಲ್ಲ. ಎಲ್ಲರದೂ ಕೆಟ್ಟಿದ್ದರೆ ಒಂದು ಸಮಾಧಾನ. ಎದುರು ಮನೆಯಲ್ಲಿ ಸರಿಯಿದ್ದು ನನ್ನದೇ ಯಾಕೆ ಕೆಡಬೇಕು?

ಹಾಸ್ಟೆಲಿಗೆ ಹೊರಟು ಬ್ಯಾಗು ತುಂಬುತ್ತಿದ್ದ ಮಗಳು ಹೇಳಿದಳು: "ಅಪ್ಡೇಟ್ ಬರೆಯೋರು ಎಷ್ಟೋ ಥರದ ಕಂಪ್ಯೂಟರ್ ಇಟ್ಕೊಂಡು ಪರೀಕ್ಷೆ ಮಾಡ್ತಾರವ್ವ. ಆದ್ರೆ ಲೋಕದಲ್ಲಿ ಅದಕ್ಕಿಂತ ಜಾಸ್ತಿ ಥರ ಅದೆ. ಒಂದೊಂದು ಕಂಪ್ಯೂಟರೂ ಒಂದೊಂದು ಮನೆ ಇದ್ದಂಗೆ. ಟೀಚರ್ ಮನೇಲಿ ಎಲ್ಲಾ ಹೊಸ ಸಾಮಾನು. ಎಲ್ರ ಮನೇಲೂ ಇರೋದೇ ಅವರ ಮನೇಲೂ. ನಿಂದು ಹಂಗಲ್ಲ. ಈ ಮಿಷನ್ ಇರೋ ಮನೆ ಲೋಕದಲ್ಲಿ ಎಷ್ಟು ಅದೆ? ಅವರ ಲೆಕ್ಕದಲ್ಲಿ ನಿನ್ನಂಥವಳು ಇಲ್ಲವೇ ಇಲ್ಲ."

"ಇಲ್ಲದೆ ಏನು? ಇಲ್ಲಿ ನಿಂತಿದೀನಲ್ಲ."

"ಕೇಳು. ಕಂಪ್ಯೂಟರಿಗೂ ನಿನ್ನ ಮಿಷನಿಗೂ ಮಾತು ಬೇರೆ ಬೇರೆ. ನಡುವೆ ಒಂದು ಸಣ್ಣ ಪ್ರೋಗ್ರಾಮ್ ಇರ್ತದೆ, ಇವರದ ಅವರಿಗೆ, ಅವರದ ಇವರಿಗೆ ಹೇಳೋಕೆ. ಡ್ರೈವರ್ ಅಂತಾರೆ. ಹೊಸ ಅಪ್ಡೇಟ್ ಬಂದಾಗ ಅದು ಒಳಗಿರೋರನ್ನೆಲ್ಲ 'ನೀನ್ಯಾರು, ಗುರುತು ತೋರಿಸು' ಅಂತ ಕೇಳ್ತದೆ. ನಿನ್ನ ಡ್ರೈವರ್ ಹಳೇ ಆಸಾಮಿ, ಗುರುತು ಇಲ್ಲ. ಹೊರಗೆ ತಳ್ಳಿಬಿಟ್ಟಿದೆ. ಹೊಸದು ಬರೆದುಕೊಡೋಕೆ ಮಿಷನ್ ಮಾಡಿದ ಕಂಪನಿನೇ ಈಗಿಲ್ಲ."

ಇದು ಮಾತ್ರ ನನಗೆ ಚೆನ್ನಾಗಿ ತಿಳಿಯಿತು. ಹೊಸದಾಗಿ ಅನ್ನೂರಿಗೆ ಬಂದಾಗ ನನಗೆ ತಮಿಳು ಬರುತ್ತಿರಲಿಲ್ಲ. ಅಂಗಡಿಗೆ ಹೋದರೆ ಗಂಡ ಪಕ್ಕದಲ್ಲಿ ನಿಂತು ನನ್ನ ಮಾತನ್ನು ಅಂಗಡಿಯವನಿಗೂ ಅವನ ಮಾತನ್ನು ನನಗೂ ದಾಟಿಸುತ್ತಿದ್ದರು. ಆ ಮನುಷ್ಯನನ್ನು ಯಾರಾದರೂ ಬಾಗಿಲಾಚೆ ತಳ್ಳಿದ್ದರೆ ನನಗೆ ಒಂದು ಕಟ್ಟು ಸೊಪ್ಪೂ ಸಿಗುತ್ತಿರಲಿಲ್ಲ. ಪಂಚಿಂಗ್ ಮಿಷನ್ನಿನ ಮೇಲೆ ಮೊದಲ ಸಲ ನನಗೆ ಕನಿಕರ ಹುಟ್ಟಿತು.

ಪೀಳಮೇಡಿನ ಅಂಗಡಿಯೊಂದರಿಂದ ರಿಪೇರಿಯವನನ್ನು ಕರೆಸಿದೆವು. ಅವನು ಮಿಷನ್ನಿನ ಹಿಂದಿನ ಅಗಲ ಸಾಕೆಟ್ ನೋಡಿ, ಅದರ ಒಂದು ಫೋಟೋ ತೆಗೆದುಕೊಂಡ. ರಿಪೇರಿಗೋ ಎಂದು ಕೇಳಿದೆ. ಗೆಳೆಯರಿಗೆ ತೋರಿಸೋಕೆ ಎಂದ. ಕಾಫಿ ಕೊಡದೆ ಕಳಿಸಿದೆ.

ಅತ್ತ ಬೀಗಿತ್ತಿಯ ಫೋನು. "ಟೈಲರ್ ಕೇಳ್ತಾ ಇದ್ದಾನೆ. ಅವಸರ ಏನಿಲ್ಲ. ಆ ಕಾಂಚೀಪುರಂ ಇದ್ದೇ ಅದೆಯಲ್ಲ." ಅವಸರ ಏನಿಲ್ಲ ಎಂದು ಹೇಳಲು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ಮಗ್ಗದ ಮೇಲೆ ಸೆರಗಿಲ್ಲದ ಸೀರೆ ಹಾಗೇ ನಿಂತಿತ್ತು. ಮದುವೆ ಸೀರೆ ಇರುವ ಮಗ್ಗದಲ್ಲಿ ನಡುವೆ ಬೇರೇನನ್ನೂ ನೇಯುವುದಿಲ್ಲ ನಾವು. ಗಂಡ ದಿನವೂ ಹೋಗಿ ಹಾಸಿನ ಎಳೆಗಳ ಮೇಲಿನ ಧೂಳು ಒರೆಸಿ ಬರುತ್ತಿದ್ದರು.

ಕೊನೆಗೆ ಮಗಳು ಫೋನಿನಲ್ಲೇ ಸರಿಮಾಡಿಸುತ್ತೇನೆ ಎಂದಳು. ಹಾಕಿದ ಅಪ್ಡೇಟನ್ನು ಹಿಂದಕ್ಕೆ ತೆಗೆದು ಹಳೆಯ ಸ್ಥಿತಿಗೆ ಹೋಗಲು ಒಂದು ದಾರಿ ಇದೆಯಂತೆ. ತುಂಬ ದಿನ ಬಿಟ್ಟರೆ ಅದೂ ಮುಚ್ಚುತ್ತದಂತೆ. ಅವಳು ಪಾಳಿಗೆ ಹೋಗುವ ಮುಂಚೆ ನಾನು ಫೋನು ಕಿವಿಗೆ ಒತ್ತಿಕೊಂಡು ಕೂತೆ.

"ಅಲ್ಲಲ್ಲವ್ವ. ಎಡಗಡೆ. ನಿಂಗೆ ಎಡ ಯಾವ್ದು ಬಲ ಯಾವ್ದು ಗೊತ್ತಿಲ್ವಾ? ಏನುಕ್ಕೆ ಅದ ಒತ್ತಿದೆ?"

ನನಗೂ ಕೋಪ ಬಂತು. "ಆ ಪರದೇಶದವರ ಜೊತೆ ಬೆಣ್ಣೆ ಹಚ್ಚಿ ಮಾತಾಡ್ತೀಯಲ್ಲ, ಹಂಗೆ ಮಾತಾಡು ನನ್ನ ಜೊತೆನೂ."

ಆ ಕಡೆಯಿಂದ ಬೇರೆಯೇ ದನಿ ಬಂತು, ಮೆತ್ತಗೆ, ನಯವಾಗಿ. "ನಮಸ್ಕಾರ ಮೇಡಂ. ನಿಮಗಾದ ತೊಂದರೆಗೆ ಕ್ಷಮೆ ಕೇಳ್ತೀವಿ. ದಯವಿಟ್ಟು ಎಡಗಡೆಯ ಮೂರನೇ ಸಾಲು ಒತ್ತುತ್ತೀರಾ?" ಒತ್ತಿದೆ. "ತುಂಬ ಚೆನ್ನಾಗಿ ಮಾಡ್ತಾ ಇದ್ದೀರಿ ಮೇಡಂ. ನಿಮ್ಮ ತಾಳ್ಮೆಗೆ ಧನ್ಯವಾದ."

ಮೊದಲು ನಗು ಬಂತು. ಅವಳು ಅದೇ ದನಿಯಲ್ಲಿ ಮುಂದುವರಿಸುತ್ತ ಹೋದಂತೆ ನಗು ನಿಂತಿತು. ತಿರುಪ್ಪೂರಿಗೆ ಹೋದ ಮೇಲೆ ಈ ಹುಡುಗಿ ನನ್ನ ಜೊತೆ ಹೀಗೇ ಮಾತಾಡತೊಡಗಿದರೆ? ಹಬ್ಬಕ್ಕೆ ಬಂದು ನೆಂಟರ ಹಾಗೆ ಸೋಫಾದ ತುದಿಯಲ್ಲಿ ಕೂತು, ಕಾಫಿ ಚೆನ್ನಾಗಿದೆ ಎಂದು ಹೇಳಿ ಎದ್ದು ಹೋದರೆ?

"ಸಾಕು ಸಾಕು, ಮುಂಚಿನ ಥರನೇ ಮಾತಾಡು" ಎಂದೆ.

"ಹಂಗಾದ್ರೆ ಮೌಸ್ ನೆಟ್ಟಗೆ ಹಿಡ್ಕೊ" ಎಂದು ಗದರಿದಳು. ನನಗೆ ಜೀವ ಬಂದ ಹಾಗಾಯಿತು.

ಕಂಪ್ಯೂಟರ್ ಹಿಂದಕ್ಕೆ ಹೋಯಿತು. ಪಂಚಿಂಗ್ ಮಿಷನ್ ಟಕ್ ಎಂದಿತು. "ಈಗಲೇ ಆ ನೀಲಿ ವೈರು ಕಿತ್ತಿಡು. ಇಂಟರ್ನೆಟ್ ಸಿಕ್ಕಿದ್ರೆ ಅದು ಮತ್ತೆ ಇಳಿಸ್ಕೊಂತದೆ" ಎಂದಳು. ಕಿತ್ತು ಗೋಡೆಯ ಮೊಳೆಗೆ ನೇತುಹಾಕಿದೆ.

ಇಷ್ಟಾದರೂ ಸೆರಗಿನ ಚಿತ್ರ ಬಂದಿರಲಿಲ್ಲ. ಮೊದಲು ಬರೆದದ್ದನ್ನು ಬಿಟ್ಟು ಹೊಸದು ಬರೆಯುತ್ತಿದ್ದೇನೆ ಎಂದಳು. ನಾನು ಬೈದೆ, ಅವಳೂ ಬೈದಳು. ಅಂತೂ ಮೇಲ್ ಮಾಡಿದೆ ಎಂದು ಫೋನು ಬಂದಾಗ ಅಮಾವಾಸ್ಯೆ.

ನಮ್ಮಲ್ಲಿ ಅಮಾವಾಸ್ಯೆ ದಿನ ಮಗ್ಗಕ್ಕೆ ರಜೆ. ಲಾಳಿ ಕದಲುವಂತಿಲ್ಲ. ಕಾದರೆ ಇನ್ನೊಂದು ದಿನ ಹೋಗುತ್ತದೆ. ತಿರುಪ್ಪೂರಿನ ಟೈಲರ್, ಬೀಗಿತ್ತಿಯ ಬೀರುವಿನ ಕಾಂಚೀಪುರಂ, ಎಲ್ಲ ಕಣ್ಣ ಮುಂದೆ ಬಂತು. "ಕಾರ್ಡು ಹೊಡೆಯೋದು ನೇಯ್ಗೆ ಅಲ್ಲ" ಎಂದು ನಾನೇ ತೀರ್ಪು ಕೊಟ್ಟುಕೊಂಡು, ವೈರು ಚುಚ್ಚಿ ಚಿತ್ರ ಇಳಿಸಿಕೊಂಡೆ. ಸೆರಗಿನ ತುಂಬ ಬರೀ ಬೊಟ್ಟುಗಳು, ಗುಂಪು ಗುಂಪಾಗಿ. ಹೂವು ಬಿಡಿಸಲು ಪುರುಸೊತ್ತಾಗದೆ ಬೊಟ್ಟು ಇಟ್ಟು ಕಳಿಸಿದ್ದಾಳೆ ಎಂದು ಗೊಣಗಿ ಮಿಷನ್ ಹಾಕಿದೆ. ಅವಸರದಲ್ಲಿ ವೈರು ಕೀಳುವುದು ಮರೆತೆ.

ಅತ್ತೆ ನನ್ನ ತೀರ್ಪನ್ನು ಒಪ್ಪಿರಲಿಲ್ಲ. ಕಾರ್ಡು ಕಟ್ಟಲು ಮುಟ್ಟದೆ, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಮಿಷನ್ನಿನ ಎದುರು ಸ್ಟೂಲಿನ ಮೇಲೆ ಕೂತರು. ಪಾಪ ಮಾಡುವವಳ ಕಾವಲಿಗೆ ಕೂತ ಹಾಗಿತ್ತು. ಮಿಷನ್ ಟಕಟಕ ಓಡುತ್ತಿತ್ತು. ಒಲೆ ಮೇಲೆ ಸಾರು ಉಕ್ಕುವ ವಾಸನೆ ಬಂದು ನಾನು ಅಡುಗೆಮನೆಗೆ ಓಡಿದೆ.

ವಾಪಸ್ ಬಂದಾಗ ಅತ್ತೆ ಸ್ಟೂಲಿನ ಮೇಲಿರಲಿಲ್ಲ. ಕಂಪ್ಯೂಟರಿನ ಹಿಂದೆ ಮೊಣಕಾಲೂರಿ ಕೂತಿದ್ದರು. ಕೈಯಲ್ಲಿ ನೀಲಿ ವೈರಿನ ತುದಿ. ಪರದೆಯ ಮೂಲೆಯಲ್ಲಿ ಅದೇ ಡಬ್ಬ. ಅಂಕಿ ತೊಂಬತ್ತರ ಹತ್ತಿರ ಏರಿ ನಿಂತುಬಿಟ್ಟಿತ್ತು. ಮಿಷನ್ ಏನೂ ಆಗದ ಹಾಗೆ ತೂತು ಹೊಡೆಯುತ್ತಿತ್ತು.

ಅಮಾವಾಸ್ಯೆಯ ದಿನ ದಾರದ ಉಂಡೆಯನ್ನೂ ಮುಟ್ಟದ ಹೆಂಗಸು.

"ಅವತ್ತಿನ ಡಬ್ಬನೇ ಬಂತು" ಎಂದರು ಅತ್ತೆ. "ನಂಬರ್ ಏರ್ತಾ ಇತ್ತು. ಅವತ್ತು ನಿನ್ನ ಕೈಗೆ ಹೊಡೆದು ತಪ್ಪು ಮಾಡಿದೆ. ಮಗು ಸೀರೆ ನಿಂತೋಯ್ತು." ವೈರನ್ನು ನನ್ನ ಕೈಗೆ ಕೊಟ್ಟರು. ಎದ್ದು ನಿಂತು ಮೊಣಕಾಲು ಒರೆಸಿಕೊಂಡು, ಎಂದಿನ ಬಿಗಿ ದನಿಯಲ್ಲಿ ಸೇರಿಸಿದರು. "ನಾನು ಸಾಮಾನು ಏನೂ ಮುಟ್ಟಿಲ್ಲ. ವೈರ್ ಮಾತ್ರ."

"ವೈರ್ ಸಾಮಾನೇ ಅಲ್ಲ ಬಿಡಿ ಅತ್ತೆ" ಎಂದೆ. ಪೂಜೆ ದಿನ ಅದಕ್ಕೂ ಪೊಟ್ಟು ಇಟ್ಟವರು ಅವರೇ ಎಂದು ನೆನಪಿಸಲಿಲ್ಲ. ನನಗೂ ಅಷ್ಟು ಬುದ್ಧಿ ಇದೆ.

ಸೆರಗು ನೇಯ್ದು ಸೀರೆ ಮಗ್ಗದಿಂದ ಇಳಿದ ದಿನ, ಗಂಡ ಅದನ್ನು ಚಾಪೆಯ ಮೇಲೆ ಹರಡಿದರು. ಮಾವಿನ ಚಿಗುರಿನ ಬಣ್ಣದ ಸೀರೆ, ಸೆರಗಿನ ಮೇಲೆ ಜರಿಯ ಬೊಟ್ಟುಗಳ ಬಳೆಗಳು. ಒಂದೊಂದು ಬಳೆಯಲ್ಲೂ ಬೊಟ್ಟು ದೊಡ್ಡದರಿಂದ ಸಣ್ಣದಾಗುತ್ತ ಸುತ್ತು ಬಂದಿತ್ತು. ಅತ್ತೆ ಬಗ್ಗಿ ನೋಡಿ, ಬೆರಳಿಂದ ಒಂದು ಸುತ್ತು ಸವರಿ ಹೇಳಿದರು. "ಇದು ಅವತ್ತು ಪೆಟ್ಟಿಗೇಲಿ ಸುತ್ತುತಾ ಇದ್ದ ಚಕ್ರ ಅಲ್ವಾ?"

ನಾನು ಅಲ್ಲೇ ಫೋನು ಹಚ್ಚಿದೆ. "ಏನೇ ಅಮ್ಮಿಣಿ ಇದು, ನನ್ನ ಅಣಕಿಸೋಕಾ? ಆ ದರಿದ್ರ ಅಪ್ಡೇಟ್ ತಂದು ಮದುವೆ ಸೀರೆ ಮೇಲೆ ಕೂರಿಸಿದೀಯಾ?"

ಅವಳು ಈ ಸಲ ಹರಿಹಾಯಲಿಲ್ಲ. ಆ ನಯದ ದನಿಯೂ ಇರಲಿಲ್ಲ. "ಇಲ್ಲವ್ವ. ಅವತ್ತು ನಾವು ನಾಲ್ಕು ಜನ ಕೂತ್ಕೊಂಡಿದ್ವಲ್ಲ, ಮಧ್ಯಾಹ್ನ ಪೂರಾ. ನಾನು ಹುಟ್ಟಿದಾಗಿಂದ ನೋಡ್ತಾ ಇದೀನಿ, ಅಪ್ಪ ಮಗ್ಗದಲ್ಲಿ, ನೀನು ಮಿಷನ್ ಹತ್ರ, ಅಜ್ಜಿ ದಾರದ ಜೊತೆ. ಎಲ್ರೂ ಕೆಲಸ ಬಿಟ್ಟು ನನ್ನ ಪಕ್ಕ ಕೂತಿದ್ದು ಅದೊಂದು ದಿನವೇ."

ಸರಿ, ಊಟ ಮಾಡಿದೆಯಾ ಎಂದು ಕೇಳಿ ಫೋನು ಇಟ್ಟೆ.

ಮದುವೆಯ ಮನೆಯಲ್ಲಿ ಎಲ್ಲರ ಕಣ್ಣೂ ಆ ಸೀರೆಯ ಮೇಲೆ. ಬೀಗಿತ್ತಿ ಹತ್ತಿರ ಬಂದು ಸೆರಗನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ತಪ್ಪು ಹುಡುಕುತ್ತಿದ್ದಾರೆಂದು ನಾನು ಸೊಂಟ ಕಟ್ಟಿ ನಿಂತೆ. ಅವರು ನಿಜವಾದ ಆಸೆಯಿಂದ ಕೇಳಿದರು. "ಎಷ್ಟು ಚೆಂದ ಅದೆ. ನಾನು ಎಲ್ಲೂ ನೋಡಿಲ್ಲ. ಇದು ಯಾವ ಹೂವು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ನಮ್ಮ ಮನೆ ಹೂವು. ಅದು ಅರಳುವಾಗ ಯಾರೂ ಏನೂ ಮುಟ್ಟಬಾರ್ದು. ಸುಮ್ನೆ ಪಕ್ಕದಲ್ಲಿ ಕೂತಿರ್ಬೇಕು."

ಹಸೆಯ ಮೇಲೆ ಮಗಳು ತಲೆ ತಗ್ಗಿಸಿ ನಕ್ಕಳು. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅಡುಗೆಯವರು ಏನೋ ಕೇಳಲು ನನ್ನನ್ನು ಕೂಗುತ್ತಿದ್ದರು. 'ಆಮೇಲೆ' ಎಂದೆ.